ಬಾಯಿಹುಣ್ಣಿಗೆ ಪ್ರೊಪೋಲಿಸ್ ಹಚ್ಚುವ ಮುಂಚೆ ಇದನ್ನು ಓದಿ

ನನಗೆ ವರ್ಷಕ್ಕೆ ಮೂರ್ನಾಲ್ಕು ಸಲ ಬಾಯಿಹುಣ್ಣು ಆಗುತ್ತದೆ. ನಾನು ಶಾಲೆಯಲ್ಲಿ ಪಾಠ ಮಾಡುವವಳು. ನಾಲಿಗೆಯ ಅಂಚಿಗೆ ಹುಣ್ಣು ಎದ್ದರೆ ಇಡೀ ದಿನ ಮಾತಾಡುವುದು ಎಂಥ ಹಿಂಸೆ ಅಂತ ಅನುಭವಿಸಿದವರಿಗೇ ಗೊತ್ತು. ಅಮ್ಮ "ಉಷ್ಣ ಆಗಿದೆ" ಅಂತ ಮಜ್ಜಿಗೆ ಕುಡಿಸುತ್ತಾಳೆ, ತುಪ್ಪ ಹಚ್ಚು ಅನ್ನುತ್ತಾಳೆ, ಪೇರಲೆ ಕುಡಿ ಅಗಿಯಲು ಕೊಡುತ್ತಾಳೆ. ವಾರ, ಹತ್ತು ದಿನದಲ್ಲಿ ಹೋಗುತ್ತದೆ. ಅಷ್ಟಕ್ಕೇ ಬಿಟ್ಟಿದ್ದರೆ ಇದನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಹೋದ ವರ್ಷ ಬೇಸಿಗೆಯಲ್ಲಿ ನೆಂಟರ ಮನೆಗೆ ಹೋದಾಗ ಅತ್ತಿಗೆ ಒಂದು ಪುಟ್ಟ ಬಾಟಲಿ ತೋರಿಸಿದರು. ಪ್ರೊಪೋಲಿಸ್ ಡ್ರಾಪ್ಸ್. ಜೇನುನೊಣಗಳು ಮರದ ಮೊಗ್ಗು, ತೊಗಟೆಗಳಿಂದ ಅಂಟು ತಂದು, ಮೇಣ ಬೆರೆಸಿ ಗೂಡಿನ ಸಂದುಗಳನ್ನು ಮುಚ್ಚುತ್ತವೆ. ಆ ಅಂಟೇ ಪ್ರೊಪೋಲಿಸ್. ಗೂಡಿನೊಳಗೆ ಕೊಳೆ, ಬೂಸ್ಟು ಬಾರದಂತೆ ಅದು ಕಾಯುತ್ತದೆ. ಬಾಟಲಿಯ ಮೇಲೆ "ಶುದ್ಧ ನೈಸರ್ಗಿಕ, ಯಾವ ಅಡ್ಡ ಪರಿಣಾಮವೂ ಇಲ್ಲ" ಅಂತ ಬರೆದಿತ್ತು. ನಾನೂ ಆನ್‌ಲೈನಿನಲ್ಲಿ ಒಂದು ತರಿಸಿಕೊಂಡೆ.

ಮೊದಲ ಸಲ ಹಚ್ಚಿದಾಗ ಕಣ್ಣಲ್ಲಿ ನೀರು ಬರುವಷ್ಟು ಉರಿಯಿತು. ಅಂಟು ಕರಗಿಸಲು ಆಲ್ಕೋಹಾಲ್ ಬಳಸಿರುತ್ತಾರೆ, ಉರಿ ಅದರದ್ದು. ಆರೇಳು ದಿನಕ್ಕೆ ಹುಣ್ಣು ಮಾಯಿತು. ನನಗೆ ಖುಷಿಯೋ ಖುಷಿ. ಶಾಲೆಯಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದೆ. ಏನೂ ಹಚ್ಚದಿದ್ದರೂ ಇಂಥ ಸಣ್ಣ ಹುಣ್ಣು ಒಂದರಿಂದ ಎರಡು ವಾರದಲ್ಲಿ ತಾನಾಗಿ ಮಾಯುತ್ತದೆ ಅನ್ನುವುದು ಆಗ ನೆನಪಿಗೇ ಬರಲಿಲ್ಲ.

ಮಳೆಗಾಲದಲ್ಲಿ ಮತ್ತೆ ಹುಣ್ಣಾಯಿತು. ಈ ಸಲ ದಿನಕ್ಕೆ ಮೂರು ಹೊತ್ತು ಹಚ್ಚಿದೆ. ಎರಡು ದಿನ ಏನೂ ಇಲ್ಲ. ಮೂರನೆಯ ದಿನ ಬೆಳಿಗ್ಗೆ ಎದ್ದಾಗ ತುಟಿ ದಪ್ಪ ಅನಿಸಿತು, ಒಸಡು ಕೆಂಪಾಗಿತ್ತು. ಹುಣ್ಣು ಜೋರಾಗಿದೆ ಅಂದುಕೊಂಡು ಇನ್ನೂ ನಾಲ್ಕು ಹನಿ ಜಾಸ್ತಿ ಹಾಕಿದೆ. ಮಾರನೆಯ ದಿನ ಕೆನ್ನೆಯ ಒಳಗೆಲ್ಲ ಸಿಪ್ಪೆ ಎದ್ದಿತು. ತುಟಿಯ ಸುತ್ತ ಚರ್ಮ ಒಡೆದು ನೀರು ಸೋರಿತು. ತಣ್ಣಗಿನ ಗಂಜಿ ನುಂಗಲೂ ಆಗುತ್ತಿರಲಿಲ್ಲ. ಆಗಲೂ ನಾನು ಔಷಧದ ಮೇಲೆ ಅನುಮಾನ ಪಡಲಿಲ್ಲ. "ಒಳಗಿನ ವಿಷ ಹೊರಗೆ ಬರ್ತಿದೆ, ನಿಲ್ಲಿಸಬೇಡಿ" ಅಂತ ಮಾರಿದವರು ಫೋನಿನಲ್ಲಿ ಹೇಳಿದರು. ನಾನು ನಂಬಿದೆ. ಇನ್ನೂ ಎರಡು ದಿನ ಹಚ್ಚಿದೆ.

ಆ ಎರಡು ದಿನಗಳ ಬಗ್ಗೆ ನನಗೆ ಈಗಲೂ ಸಂಕಟವಾಗುತ್ತದೆ. ಹುಣ್ಣು ಕಾಯಿಲೆಯಿಂದ ಹೆಚ್ಚಾಗುತ್ತಿದೆಯೋ ಮದ್ದಿನಿಂದಲೋ ಅಂತ ಒಂದು ಕ್ಷಣ ನಿಂತು ಯೋಚಿಸಬೇಕಿತ್ತು. ಅದೊಂದಕ್ಕಾಗಿಯೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಕೊನೆಗೆ ತಮ್ಮ ಬಲವಂತ ಮಾಡಿ ಹುಬ್ಬಳ್ಳಿಗೆ ಕರೆದುಕೊಂಡು ಹೋದ. ಚರ್ಮದ ಡಾಕ್ಟರು ಬಾಯಿ ನೋಡಿ ಕೇಳಿದ ಮೊದಲ ಪ್ರಶ್ನೆ, "ಏನು ಹಚ್ತಾ ಇದ್ದೀರಿ?" ಬಾಟಲಿ ತೋರಿಸಿದೆ. ಡ್ರಾಪ್ಸ್ ಅವತ್ತೇ ನಿಲ್ಲಿಸಿದರು. ಹಚ್ಚಲು ಸ್ಟಿರಾಯ್ಡ್ ಮುಲಾಮು ಬರೆದುಕೊಟ್ಟರು. ಪೂರ್ತಿ ಸರಿಯಾಗಲು ಹತ್ತಿರ ಹತ್ತಿರ ಮೂರು ವಾರ ಬೇಕಾಯಿತು. ಅದರಲ್ಲಿ ಹತ್ತು ದಿನ ರಜೆ.

ಚರ್ಮ ಮಾಗಿದ ಮೇಲೆ, ಯಾವುದಕ್ಕೆ ಅಲರ್ಜಿ ಅಂತ ತಿಳಿಯಲು ಪ್ಯಾಚ್ ಟೆಸ್ಟ್ ಮಾಡಿದರು. ಬೇರೆ ಬೇರೆ ವಸ್ತು ಹಚ್ಚಿದ ಸಣ್ಣ ಸಣ್ಣ ಪಟ್ಟಿ ಬೆನ್ನಿಗೆ ಅಂಟಿಸಿ ಎರಡು ದಿನ ಹಾಗೇ ಬಿಡುತ್ತಾರೆ. ತೆಗೆದ ಮೇಲೆ ಒಮ್ಮೆ, ಇನ್ನೆರಡು ದಿನ ಬಿಟ್ಟು ಮತ್ತೊಮ್ಮೆ ನೋಡುತ್ತಾರೆ. ಪ್ರೊಪೋಲಿಸ್ ಇದ್ದ ಜಾಗ ಕೆಂಪಗೆ ಉಬ್ಬಿ ಗುಳ್ಳೆ ಎದ್ದಿತ್ತು. ಪೆರು ಬಾಲ್ಸಂ ಅನ್ನುವ ಇನ್ನೊಂದು ಮರದ ಅಂಟಿನ ಜಾಗವೂ ಕೆಂಪಾಗಿತ್ತು. ಎರಡರಲ್ಲೂ ಒಂದೇ ಬಗೆಯ ವಸ್ತುಗಳು ಇರುವುದರಿಂದ ಒಂದು ಆಗದವರಿಗೆ ಹಲವು ಸಲ ಇನ್ನೊಂದೂ ಆಗುವುದಿಲ್ಲವಂತೆ.

"ಮೊದಲ ಸಲ ಏನೂ ಆಗಲಿಲ್ಲವಲ್ಲ ಡಾಕ್ಟ್ರೇ?" ಅಂತ ಕೇಳಿದೆ. ಈ ಬಗೆಯ ಅಲರ್ಜಿ ಹಾಗೇನೇ ಅಂದರು. ಮೊದಲು ಹಚ್ಚಿದಾಗ ದೇಹ ಅದನ್ನು ಗುರುತು ಹಿಡಿದುಕೊಳ್ಳುತ್ತದೆ. ಆಮೇಲೆ ಹಚ್ಚಿದಾಗ ಒಂದೆರಡು ದಿನ ಬಿಟ್ಟು ತಿರುಗಿ ಬೀಳುತ್ತದೆ. ಹಚ್ಚಿದ ಕೂಡಲೇ ಆಗದ ಕಾರಣ ಅದರ ಮೇಲೆ ಅನುಮಾನವೇ ಬರುವುದಿಲ್ಲ.

ನನಗೆ ಇನ್ನೊಂದು ಧೈರ್ಯವೂ ಇತ್ತು. ಚಿಕ್ಕಂದಿನಿಂದ ಜೇನುತುಪ್ಪ ತಿಂದು ಬೆಳೆದವಳು ನಾನು. ನೊಣ ಕಚ್ಚಿಸಿಕೊಂಡದ್ದಕ್ಕೆ ಲೆಕ್ಕವೇ ಇಲ್ಲ. ನನಗೇನಾಗುತ್ತೆ ಅಂದುಕೊಂಡಿದ್ದೆ. ಜೇನುತುಪ್ಪ ಬೇರೆ, ನೊಣದ ವಿಷ ಬೇರೆ, ಈ ಅಂಟು ಬೇರೆ. ಒಂದು ಒಗ್ಗಿದರೆ ಇನ್ನೊಂದು ಒಗ್ಗುತ್ತದೆ ಅಂತ ಇಲ್ಲ. ನಲವತ್ತು ಪೆಟ್ಟಿಗೆ ಜೇನು ಸಾಕುವ ನಮ್ಮ ಭಾವ ಈ ಕಥೆ ಕೇಳಿ, "ನಮ್ಮ ತುಡುವೆ ಜೇನು ಇಂಥ ಅಂಟು ಕೂಡಿಡೋದೇ ಇಲ್ಲ ತಂಗಿ. ಅದೆಲ್ಲ ಹೊರದೇಶದಿಂದ ಬಂದ ಮೆಲ್ಲಿಫೆರಾ ನೊಣದ್ದು, ಇಲ್ಲಾ ಚುಚ್ಚದ ಮುಜಂಟಿ ಜೇನಿಂದು" ಅಂದರು. ನಮ್ಮ ಹಿರಿಯರು ಬಳಸುತ್ತಿದ್ದ ಮದ್ದು ಅಂತ ಆ ಡ್ರಾಪ್ಸ್ ಜಾಹೀರಾತಿನಲ್ಲಿ ಹೇಳಿದ್ದರು. ನಮ್ಮ ಮನೆಗಳಲ್ಲಂತೂ ಅದರ ಹೆಸರು ಕೇಳಿದವರೇ ಇರಲಿಲ್ಲ.

ಪ್ರೊಪೋಲಿಸ್ ಎಲ್ಲರಿಗೂ ವಿಷ ಅಂತ ನಾನು ಹೇಳುತ್ತಿಲ್ಲ. ಬಾಯಿಹುಣ್ಣಿಗೆ ಅದನ್ನು ಕೊಟ್ಟು ನೋಡಿದ ಕೆಲವು ಸಣ್ಣ ಅಧ್ಯಯನಗಳಲ್ಲಿ ಒಳ್ಳೆಯ ಫಲಿತಾಂಶವೂ ಬಂದಿದೆ. ಆದರೆ ಅಲರ್ಜಿ ತರುವ ವಸ್ತು ಅಂತ ಚರ್ಮವೈದ್ಯರಿಗೆ ಇದು ಬಹಳ ಕಾಲದಿಂದ ಗೊತ್ತು. ಜೇನು ಸಾಕುವವರ ಕೈಗೇ ಇದರಿಂದ ತುರಿಕೆ ಏಳುವುದುಂಟು. ಅಡ್ಡ ಪರಿಣಾಮವೇ ಇಲ್ಲ ಅಂತ ಬಾಟಲಿ ಮೇಲೆ ಬರೆಯುವುದು ಸುಳ್ಳು.

ರಕ್ತ ಪರೀಕ್ಷೆಯಲ್ಲಿ ನನಗೆ ಬಿ12 ಮತ್ತು ಕಬ್ಬಿಣದ ಅಂಶ ಎರಡೂ ಕಡಿಮೆ ಅಂತ ಗೊತ್ತಾಯಿತು. ಪದೇ ಪದೇ ಹುಣ್ಣಾಗಲು ಇದೂ ಒಂದು ಕಾರಣ. ವರ್ಷಗಟ್ಟಲೆ ಹುಣ್ಣಿಗೆ ಏನೇನೋ ಹಚ್ಚಿದೆ, ಈ ಒಂದು ಪರೀಕ್ಷೆ ಮಾಡಿಸಿರಲಿಲ್ಲ. ಈಗ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಸೋಡಿಯಂ ಲಾರಿಲ್ ಸಲ್ಫೇಟ್ ಇಲ್ಲದ ಟೂತ್‌ಪೇಸ್ಟ್‌ಗೂ ಬದಲಾಯಿಸಿದ್ದೇನೆ. ಕೆಲವರಿಗೆ ನೊರೆ ಬರಿಸುವ ಆ ವಸ್ತುವಿನಿಂದಲೂ ಹುಣ್ಣು ಜಾಸ್ತಿ ಆಗುತ್ತದೆ.

ನಮ್ಮ ಕಡೆ ಕವಳ, ಅಂದರೆ ಎಲೆಅಡಿಕೆ, ಹಾಕುವವರು ಬಹಳ. ತಂಬಾಕು, ಗುಟ್ಕಾ ಇದ್ದವರ ಬಾಯಲ್ಲಿ ಒಂದು ಹುಣ್ಣು ಮೂರು ವಾರ ದಾಟಿದರೂ ಮಾಯದಿದ್ದರೆ, ಅದು ನೋಯದಿದ್ದರೂ ಸರಿ, ಯಾವ ಹನಿಯನ್ನೂ ಹಾಕುತ್ತಾ ಕೂರಬೇಡಿ. ಬಾಯಿ ಕ್ಯಾನ್ಸರ್ ಶುರುವಾಗುವುದೂ ಹೀಗೆಯೇ. ಕವಳದ ಚಟ ಇಲ್ಲದವರೂ ಮೂರು ವಾರ ದಾಟಿದ ಮೇಲೆ ಕಾದು ನೋಡಬಾರದು. ಹಲ್ಲಿನ ಡಾಕ್ಟರಿಗಾದರೂ ತೋರಿಸಿ.

ಬಾಟಲಿ ಎಸೆದರೆ ಮುಗಿಯಿತು ಅಂದುಕೊಂಡಿದ್ದೆ, ಅದೂ ಅಲ್ಲ. ಲಿಪ್ ಬಾಮ್, ಟೂತ್‌ಪೇಸ್ಟ್, ಗಂಟಲಿನ ಸ್ಪ್ರೇ, ಚಪ್ಪರಿಸುವ ಮಾತ್ರೆ ಎಲ್ಲದರಲ್ಲೂ ಪ್ರೊಪೋಲಿಸ್ ಬರುತ್ತಿದೆ. ಈಗ ನಾನು ಕನ್ನಡಕ ಹಾಕಿಕೊಂಡು ಹಿಂದಿನ ಸಣ್ಣ ಅಕ್ಷರ ಓದದೆ ಯಾವುದನ್ನೂ ಕೊಳ್ಳುವುದಿಲ್ಲ. ಅತ್ತಿಗೆಗೂ ಫೋನ್ ಮಾಡಿ ಎಲ್ಲ ಹೇಳಿದೆ. ಅವರು ಏಳು ವರ್ಷದ ಮಗಳಿಗೂ ಅದನ್ನೇ ಹಚ್ಚುತ್ತಿದ್ದರು. ಅವಳ ತುಟಿಯ ಮೂಲೆ ಒಂದು ತಿಂಗಳಿಂದ ಕೆಂಪಗಿದೆಯಂತೆ, ಚಳಿಗೆ ಒಡೆದಿದೆ ಅಂದುಕೊಂಡಿದ್ದರು. ಈ ಶನಿವಾರ ಮಗುವನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಿದ್ದಾರೆ.