ಯುಕ್ಕಸ್ಯಾರ್ವಿಯ ಐಸ್‌ಹೋಟೆಲ್: ಒಂದು ರಾತ್ರಿ ಸಾಕು, ಆ ರಾತ್ರಿ ಮಾರ್ಚ್‌ನಲ್ಲಿರಲಿ

ಸ್ವೀಡನ್ನಿನ ಉತ್ತರ ತುದಿಯ ಕಿರುನಾ ಪಟ್ಟಣದ ಹತ್ತಿರ, ಆರ್ಕ್ಟಿಕ್ ವೃತ್ತಕ್ಕಿಂತ ಸುಮಾರು 200 ಕಿ.ಮೀ. ಮೇಲಿದೆ ಯುಕ್ಕಸ್ಯಾರ್ವಿ ಹಳ್ಳಿ. ಹಿಮ, ಮಂಜುಗಡ್ಡೆಯಿಂದಲೇ ಕಟ್ಟುವ ಅಲ್ಲಿನ ಐಸ್‌ಹೋಟೆಲ್ ಬಗ್ಗೆ ಎಲ್ಲರೂ ಮೊದಲು ಕೇಳುವುದು ಒಂದೇ: ಚಳಿ ತಡೆದುಕೊಳ್ಳಬಹುದಾ? ಖಂಡಿತ. ಹೊರಗೆ ಮೈನಸ್ 30 ಇದ್ದರೂ ಕೋಣೆಯಲ್ಲಿ ಮೈನಸ್ 5ರಿಂದ 8 ಡಿಗ್ರಿ ಅಷ್ಟೇ. ಇಲ್ಲಿ ನಿದ್ದೆ ಕೆಡಿಸುವುದು ಬೆವರು.

ಹೆದರಿಕೊಂಡು ಸ್ವೆಟರ್, ಜಾಕೆಟ್ ಸಮೇತ ಸ್ಲೀಪಿಂಗ್ ಬ್ಯಾಗಿಗೆ ಇಳಿದರೆ ಸ್ವಲ್ಪ ಹೊತ್ತಿಗೇ ಮೈ ಬೆವರುತ್ತದೆ. ನಡುರಾತ್ರಿ ಆ ಒದ್ದೆಯೇ ನಡುಗಿಸುತ್ತದೆ. ಹತ್ತಿ ಬನಿಯನ್ ಬೇಡವೇ ಬೇಡ, ಹೀರಿದ ನೀರನ್ನು ಅದು ಬೇಗ ಬಿಡುವುದಿಲ್ಲ. ತೆಳು ಉಣ್ಣೆಯ ಒಳಉಡುಪು ಒಂದು ಜೊತೆ, ಒಣಗಿದ ಕಾಲುಚೀಲ, ಟೋಪಿ ಸಾಕು. ಮೂಗು, ಬಾಯಿ ಬ್ಯಾಗಿನ ಹೊರಗಿರಲಿ. ಉಸಿರಿನ ತೇವ ಒಳಗೆ ಸೇರಿದರೆ ಅದೂ ಬೆವರಿನಷ್ಟೇ ಕೆಟ್ಟದ್ದು. ಮೊಬೈಲು ಮತ್ತು ಬೆಳಿಗ್ಗೆ ಹಾಕುವ ಕಾಲುಚೀಲ ಬ್ಯಾಗಿನೊಳಗೇ ಇಟ್ಟುಕೊಳ್ಳಿ. ಮಲಗುವ ಮುಂಚೆ ಹೊಟ್ಟೆ ತುಂಬ ಊಟ ಮಾಡಿ, ಖಾಲಿ ಹೊಟ್ಟೆಗೆ ಮೈ ಕಾಯುವುದಿಲ್ಲ.

ಮಂಚ ನೋಡುವಂಥದ್ದು. ಕೆಳಗೆ ಮಂಜುಗಡ್ಡೆಯ ಕಟ್ಟೆ, ಮೇಲೆ ಗಾದಿ, ಅದರ ಮೇಲೆ ಹಿಮಸಾರಂಗದ ತೊಗಲು. ಆ ತೊಗಲಿನ ಒಂದೊಂದು ಕೂದಲೂ ಒಳಗೆ ಟೊಳ್ಳು, ಅಲ್ಲಿ ನಿಂತ ಗಾಳಿಯೇ ಚಳಿಯನ್ನು ತಡೆಯುತ್ತದೆ. ಕೂದಲು ಉದುರಿ ಉಣ್ಣೆಬಟ್ಟೆಗೆ ಅಂಟುತ್ತದೆ, ಬೆಳಿಗ್ಗೆ ಕೊಡವಿಕೊಳ್ಳಬೇಕು. ಕಟ್ಟೆಯ ಗಡ್ಡೆಯನ್ನು ಹಿಂದಿನ ಮಾರ್ಚ್‌ನಲ್ಲೇ ಟೋರ್ನೆ ನದಿಯಿಂದ ಕೊಯ್ದು ಶೀತಕೋಠಿಯಲ್ಲಿ ಇಟ್ಟಿರುತ್ತಾರೆ. ಒಂದೊಂದೂ ಸುಮಾರು 2 ಟನ್. ಹರಿಯುವ ನೀರು ಹೆಪ್ಪುಗಟ್ಟಿದ್ದರಿಂದ ಗುಳ್ಳೆ ಕಡಿಮೆ, ಬೆಳಕು ಹಿಡಿದರೆ ಆಚೆ ಬದಿ ಕಾಣುತ್ತದೆ. ಗೋಡೆ, ಚಾವಣಿ ಮಾತ್ರ ಬೆಳ್ಳಗಿನ ‘ಸ್ನೈಸ್’, ಅಂದರೆ ಹಿಮ ಮತ್ತು ಮಂಜುಗಡ್ಡೆಯ ಮಿಶ್ರಣ. 1989ರಿಂದ ಶುರುವಾದ ಈ ಕೆಲಸದಲ್ಲಿ ಕಲಾವಿದರು ಪ್ರತಿ ಚಳಿಗಾಲಕ್ಕೂ ಕೋಣೆಗಳನ್ನು ಹೊಸದಾಗಿ ಕೆತ್ತುತ್ತಾರೆ. ವಸಂತದಲ್ಲಿ ಎಲ್ಲವೂ ಕರಗಿ ನದಿಗೇ ವಾಪಸ್. 2016ರಿಂದ ವರ್ಷವಿಡೀ ನಿಲ್ಲುವ ಭಾಗವೂ ಇದೆ. ಬೇಸಿಗೆಯಲ್ಲಿ ಸೌರಶಕ್ತಿಯಿಂದ ಅದನ್ನು ತಂಪಾಗಿಡುತ್ತಾರೆ, ಆದರೆ ಹೊರಗೆ ಹಿಮವೇ ಇಲ್ಲದಾಗ ಹೋದರೆ ಅರ್ಧ ಸುಖ.

ಕಿರಿಕಿರಿಗಳೂ ಇವೆ. ಸಾಮಾನ್ಯ ಹಿಮಕೋಣೆಗೆ ಶೌಚಾಲಯ ಇರುವುದು ಬೆಚ್ಚಗಿನ ಕಟ್ಟಡದಲ್ಲಿ, ರಾತ್ರಿ ಎದ್ದು ನಡೆಯಬೇಕು. ಲಗೇಜೂ ಅಲ್ಲೇ. ಹಗಲು ಕೋಣೆಗಳು ಪ್ರದರ್ಶನಕ್ಕೆ ತೆರೆದಿರುವುದರಿಂದ ಸಂಜೆಯವರೆಗೆ ನಿಮ್ಮದಾಗುವುದಿಲ್ಲ. ವಯಸ್ಸಾದವರು ಜೊತೆಗಿದ್ದರೆ ಬೆಚ್ಚಗಿನ ಕೋಣೆಯನ್ನೇ ಹಿಡಿಯಿರಿ.

ಡಿಸೆಂಬರ್ ಕೊನೆಗೆ ಇಲ್ಲಿ ಸೂರ್ಯ ಹುಟ್ಟುವುದೇ ಇಲ್ಲ. ಮಾರ್ಚ್‌ನಲ್ಲಿ ಹಗಲು, ರಾತ್ರಿ ಹೆಚ್ಚುಕಡಿಮೆ ಸಮ: ನದಿಯಲ್ಲಿ ಗಡ್ಡೆ ಕೊಯ್ಯುವುದನ್ನೂ ನೋಡಬಹುದು, ಮೋಡವಿಲ್ಲದಿದ್ದರೆ ರಾತ್ರಿ ಧ್ರುವಪ್ರಭೆಯನ್ನೂ.

ಬೆಳಿಗ್ಗೆ ಹಾಸಿಗೆಗೇ ಬಿಸಿ ಲಿಂಗನ್‌ಬೆರಿ ರಸ ತಂದುಕೊಡುತ್ತಾರೆ. ಕುಡಿದು ಸೌನಾಕ್ಕೆ, ಅಂದರೆ ಬಿಸಿಗಾಳಿಯ ಸ್ನಾನದ ಕೋಣೆಗೆ, ಹೋಗಿ. ಕ್ಯಾಮೆರಾವನ್ನು ಮಾತ್ರ ಹಿಮಕೋಣೆಯಲ್ಲೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿ ಒಯ್ಯಿರಿ. ಬೆಚ್ಚಗಾಗುವ ಮೊದಲೇ ಬಿಚ್ಚಿದರೆ ಲೆನ್ಸಿನ ಮೇಲೆ ನೀರು ಕೂರುತ್ತದೆ.