ಶೋಯಿಂಗ್‌ಗೆ ಮುಲ್ಲನ್ ಮೌತ್ ಪೆಲ್ಹಮ್: ಹಲವು ಋತುಗಳ ಬಳಕೆಯ ನಂತರ

ಬ್ರಿಟಿಷ್ ಪದ್ಧತಿಯ ಶೋಯಿಂಗ್‌ನಲ್ಲಿ, ಅಂದರೆ ಕುದುರೆಯ ಮೈಕಟ್ಟು, ನಡೆ, ಸವಾರಿಯ ಗುಣಗಳನ್ನು ತೂಗುವ ಸ್ಪರ್ಧೆಯಲ್ಲಿ, ಹಂಟರ್ (ಬೇಟೆ ಸವಾರಿಯ ಕುದುರೆ), ಕಾಬ್ (ಗಿಡ್ಡ, ಗಟ್ಟಿಮುಟ್ಟಾದ ಕುದುರೆ), ಹ್ಯಾಕ್ (ನಾಜೂಕಿನ ಸವಾರಿ ಕುದುರೆ) ವಿಭಾಗಗಳಿಗೆ ಕುದುರೆಯನ್ನು ಇಳಿಸುವವರು ಬಿಟ್ (ಲಗಾಮು ಕಟ್ಟುವ, ಬಾಯೊಳಗಿನ ಕಬ್ಬಿಣ) ಆರಿಸುವಾಗ ಒಂದು ಸಂಗತಿಯನ್ನು ಮರೆಯಬಾರದು: ಅಲ್ಲಿ ತೀರ್ಪುಗಾರರೇ ಕುದುರೆ ಹತ್ತಿ ನೋಡುತ್ತಾರೆ. ನಾವು ವರ್ಷಗಟ್ಟಲೆ ಜತನದಿಂದ ಪಳಗಿಸಿದ ಬಾಯಿ ಕೆಲವು ನಿಮಿಷ ಅಪರಿಚಿತರ ಕೈಯಲ್ಲಿರುತ್ತದೆ. ಆ ಕೈ ಹಗುರವಾಗಿರಬಹುದು, ಬಿಗಿಯೂ ಆಗಿರಬಹುದು. ಎರಡನ್ನೂ ಕುದುರೆ ನೆಮ್ಮದಿಯಿಂದ ತಾಳಿಕೊಳ್ಳುವಂತೆ ಮಾಡುವುದೇ ಒಳ್ಳೆಯ ಶೋ ಬಿಟ್. ನನ್ನ ಕಾಬ್‌ಗೆ ಹಲವು ಋತುಗಳಿಂದ ಹಾಕುತ್ತಿರುವ, ಪಕ್ಕದ ಕಂಬಿ ಗಿಡ್ಡವಾಗಿರುವ ಸ್ಟೇನ್‌ಲೆಸ್ ಸ್ಟೀಲ್ ಪೆಲ್ಹಮ್ ಈ ಪರೀಕ್ಷೆಯಲ್ಲಿ ಗೆದ್ದಿದೆ. ಪೆಲ್ಹಮ್ ಎಂದರೆ ಒಂದೇ ಬಿಟ್‌ಗೆ ಮೇಲೊಂದು, ಕೆಳಗೊಂದು ಬಳೆಯಲ್ಲಿ ಎರಡು ಲಗಾಮು ಕಟ್ಟುವ, ಗಲ್ಲದ ಕೆಳಗೆ ಕರ್ಬ್ ಸರಪಳಿ ಬರುವ ಬಗೆ.

ಹೊಸಬರ ವಿಭಾಗಗಳಲ್ಲಿ ಸಾಮಾನ್ಯವಾಗಿ ಸ್ನ್ಯಾಫಲ್, ಅಂದರೆ ಒಂದೇ ಲಗಾಮಿನ ಸರಳ ಬಿಟ್, ಸಾಕು. ಅದರಿಂದ ಮೇಲೆ ಹೋದಂತೆ ಡಬಲ್ ಬ್ರೈಡಲ್ (ಒಂದೇ ಬಾಯಲ್ಲಿ ಎರಡು ಬಿಟ್) ಅಥವಾ ಪೆಲ್ಹಮ್ ವಾಡಿಕೆ. ಇವೆರಡರಲ್ಲಿ ಡಬಲ್ ಹೆಚ್ಚು ಸೂಕ್ಷ್ಮವಾದದ್ದು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಅದರ ತೆಳು ಸ್ನ್ಯಾಫಲ್ ಆದ ಬ್ರಿಡೂನ್ ತಲೆಯನ್ನು ಎತ್ತಿ ಬಾಗಿಸುತ್ತದೆ, ಸರಪಳಿಯ ಬಿಟ್ ಆದ ವೇಮೌತ್ ಕತ್ತನ್ನು ಮಣಿಸುತ್ತದೆ. ಒಂದರ ಮಾತು ಇನ್ನೊಂದರೊಡನೆ ಬೆರೆಯುವುದಿಲ್ಲ. ಆದರೆ ಎರಡು ಕಬ್ಬಿಣಗಳಿಗೆ ಬಾಯಲ್ಲಿ ಜಾಗ ಬೇಕು. ನನ್ನ ಕುದುರೆಯ ನಾಲಿಗೆ ದಪ್ಪ, ಅಂಗುಳ ತಗ್ಗು, ಮುಂಬಲ್ಲಿಗೂ ದವಡೆ ಹಲ್ಲಿಗೂ ನಡುವಿನ ಖಾಲಿ ವಸಡು ಗಿಡ್ಡ. ಡಬಲ್ ಹಾಕಿದಾಗಲೆಲ್ಲ ಬಾಯಿ ತೆರೆದು ನಾಲಿಗೆಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದ. ಹಲ್ಲು ಪರೀಕ್ಷಿಸಿದ ಪಶುವೈದ್ಯರಿಗೆ ಚೂಪು ಅಂಚಾಗಲಿ ತೋಳಹಲ್ಲಾಗಲಿ (ದವಡೆ ಹಲ್ಲಿನ ಮುಂದೆ ಮೂಡುವ ಪುಟ್ಟ ಹಲ್ಲು) ಕಾಣಲಿಲ್ಲ. ಸಮಸ್ಯೆ ಇದ್ದದ್ದು ಇಕ್ಕಟ್ಟಿನಲ್ಲಿ. ದಪ್ಪ ಬಿಟ್ ಮೃದು ಎಂಬ ನಂಬಿಕೆ ಇಂಥ ಬಾಯಿಗೆ ಸಲ್ಲುವುದೇ ಇಲ್ಲ. ದಪ್ಪವಾದಷ್ಟೂ ನಾಲಿಗೆ ನಲುಗುತ್ತದೆ.

ಮುಲ್ಲನ್ ಮೌತ್ ಎಂದರೆ ಕೀಲಿಲ್ಲದ, ಮೆಲ್ಲಗೆ ಬಾಗಿದ ಒಂದೇ ಕಂಬಿ. ಒತ್ತಡ ನಾಲಿಗೆಯ ಮೇಲೆ ಹರಡುತ್ತದೆ, ನಡುವೆ ಮಡಚಿಕೊಂಡು ಚುಚ್ಚುವುದಿಲ್ಲ. ಇದನ್ನು ಹಾಕಿದ ಮೇಲೆ ಅವನ ಬಾಯಿ ಮುಚ್ಚಿತು, ದವಡೆ ಸಡಿಲವಾಯಿತು, ತುಟಿಯ ಅಂಚಿನಲ್ಲಿ ತೆಳುವಾದ ನೊರೆ ಕಾಣತೊಡಗಿತು. ಬೇರೆ ಬೇರೆ ತೀರ್ಪುಗಾರರು ಹತ್ತಿ ಗ್ಯಾಲಪ್ ಹಾಕಿಸಿದಾಗಲೂ ತಲೆ ಕೊಡವಿಲ್ಲ. ಮೇಲಿನ ಲಗಾಮಿನಲ್ಲಿ ಓಡಿ, ಕೆಳಗಿನದನ್ನು ಬೆರಳಲ್ಲಿ ಮುಟ್ಟಿದರೆ ವೇಗ ಇಳಿಸುತ್ತಾನೆ. ನಾನು ಈ ಬಿಟ್ ಅನ್ನು ಮೆಚ್ಚಲು ಮುಖ್ಯ ಕಾರಣ ಇದೇ.

ಆದರೆ ಹೊಂದಿಸುವುದರಲ್ಲಿ ಅಜಾಗರೂಕತೆ ಸಲ್ಲದು. ಪಕ್ಕದ ಕಂಬಿಗೂ ತುಟಿಗೂ ನಡುವೆ ಒಂದೊಂದು ಬದಿಗೆ ಐದು ಮಿಲಿಮೀಟರ್‌ಗಿಂತ ಹೆಚ್ಚು ಅಂತರ ಬೇಡ. ಅಗಲ ಹೆಚ್ಚಾದರೆ ಬಿಟ್ ಪಕ್ಕಕ್ಕೆ ಸರಿದು ಬಾಗು ಓರೆಯಾಗಿ ಕೂರುತ್ತದೆ. ಕರ್ಬ್ ಸರಪಳಿಯ ಕೊಂಡಿಗಳನ್ನು ಚಪ್ಪಟೆಯಾಗುವವರೆಗೆ ತಿರುಚಿ ಗಲ್ಲದ ಕೆಳಗಿನ ತಗ್ಗಿನಲ್ಲಿ ಕೂರಿಸಬೇಕು. ಕೆಳಗಿನ ಲಗಾಮು ಎಳೆದಾಗ ಪಕ್ಕದ ಕಂಬಿ ಸುಮಾರು 45 ಡಿಗ್ರಿ ಹಿಂದಕ್ಕೆ ಬಂದ ಮೇಲಷ್ಟೇ ಸರಪಳಿ ಹಿಡಿಯಬೇಕು. ಅದಕ್ಕಿಂತ ಬಿಗಿಯಾದರೆ ಅಪರಿಚಿತ ಕೈಯ ಸಣ್ಣ ಎಳೆತವೂ ಕುದುರೆಗೆ ಶಿಕ್ಷೆ. ಕಾಬ್‌ಗಳ ಮುಖ ಅಗಲವಾಗಿರುವುದರಿಂದ ಪಕ್ಕದ ಕಂಬಿಯ ಮೇಲ್ಭಾಗ ಕೆನ್ನೆಗೆ ಉಜ್ಜುವುದುಂಟು. ತುಸು ಹೊರಕ್ಕೆ ಬಾಗಿರುವ ಮಾದರಿಯನ್ನೇ ಕೇಳಿ ಪಡೆಯಿರಿ.

ಎರಡು ಲಗಾಮು ಹಿಡಿಯಲು ಹಿಂಜರಿಯುವವರು ಎರಡು ಬಳೆಗಳ ನಡುವೆ ರೌಂಡಿಂಗ್ ಎಂಬ ಚರ್ಮದ ಪಟ್ಟಿ ಹಾಕಿ ಒಂದೇ ಲಗಾಮು ಕಟ್ಟುತ್ತಾರೆ. ಮಕ್ಕಳಿಗೆ ಅದು ಅನುಕೂಲ. ಶೋ ರಿಂಗ್‌ನಲ್ಲಿ ನನಗೆ ಅದು ಸ್ವಲ್ಪವೂ ಹಿಡಿಸುವುದಿಲ್ಲ: ಎರಡೂ ಒತ್ತಡಗಳನ್ನು ಕಲಸಿಬಿಟ್ಟ ಮೇಲೆ ಪೆಲ್ಹಮ್ ಆರಿಸಿದ್ದಕ್ಕೆ ಅರ್ಥವೇನು?

ಕೊರತೆಗಳೂ ಇವೆ. ಒಂದೇ ಕಂಬಿಯಾದ್ದರಿಂದ ಎಡ ಬಲಗಳನ್ನು ಬೇರೆಬೇರೆಯಾಗಿ ಹೇಳುವುದು ಕಷ್ಟ. ತಿರುವಿನಲ್ಲಿ ಒಳಬದಿಗೆ ಬಾಗುವುದನ್ನು ಕಲಿಸುವುದಕ್ಕೆ ಇದು ಏನೇನೂ ಪ್ರಯೋಜನವಿಲ್ಲ. ಮೇಲಿನ ಲಗಾಮನ್ನಷ್ಟೇ ಹಿಡಿದರೂ ಅದು ಶುದ್ಧ ಸ್ನ್ಯಾಫಲ್ ಆಗುವುದಿಲ್ಲ. ದಿನವೂ ಹಾಕಿದರೆ ಕುದುರೆ ಇದರ ಮೇಲೆ ಭಾರ ಬಿಡುವುದನ್ನು ಕಲಿಯುತ್ತದೆ. ಆದ್ದರಿಂದ ಅಭ್ಯಾಸವೆಲ್ಲ ನಡುವೆ ಗುಂಡು ಕೊಂಡಿಯಿರುವ ಎರಡು ಕೀಲಿನ ಸ್ನ್ಯಾಫಲ್‌ನಲ್ಲಿ; ಪೆಲ್ಹಮ್ ಹೊರಬರುವುದು ಶೋ ಹತ್ತಿರವಾದಾಗ. ಜೊತೆಗೆ ಬಂದ ಸರಪಳಿಯ ಲೇಪ ಬೇಗನೆ ಕಿತ್ತು ಒರಟಾಯಿತು, ಬದಲಾಯಿಸಿದೆ. ಬಿಟ್ ಮಾತ್ರ ಇಂದಿಗೂ ನುಣುಪಾಗಿದೆ. ಕಂಬಿ ಸೇರುವ ಮೂಲೆಗಳ ಮೇಲೆ ಬೆರಳಾಡಿಸಿ ನೋಡುವ ಅಭ್ಯಾಸವನ್ನು ನಾನು ಬಿಟ್ಟಿಲ್ಲ.

ಚಿಕ್ಕ ಬಾಯಿ, ದಪ್ಪ ನಾಲಿಗೆಯ ಕುದುರೆಗೆ ಇದನ್ನು ನಿಸ್ಸಂಕೋಚವಾಗಿ ಕೊಳ್ಳಬಹುದು. ಬಾಯಲ್ಲಿ ಜಾಗವಿರುವ ಕುದುರೆಗೆ ಡಬಲ್ ಕಲಿಸಿ. ಇನ್ನೂ ಸ್ನ್ಯಾಫಲ್‌ನಲ್ಲೇ ನಿಲ್ಲದ ಕುದುರೆಗೆ ಎರಡೂ ಬೇಡ, ಅದಕ್ಕೆ ಇನ್ನಷ್ಟು ಸಮಯ ಕೊಡಿ.