ಮಧ್ಯಾಹ್ನದ ಮುದ್ದೆ: ಡಬ್ಬಿಯೋ, ಮೆಸ್ಸೋ, ಮನೆಯೋ?

ನಮ್ಮ ಆಫೀಸು ಹಾಸನದ ಬಿ.ಎಂ. ರಸ್ತೆಯಲ್ಲಿ. ಊಟಕ್ಕೆ ಬಿಡುವುದು ಒಂದೂವರೆಗೆ, ಮುಕ್ಕಾಲು ಗಂಟೆ. ಗಾರ್ಮೆಂಟ್ಸ್‌ಗೆ ಹೋಗುವ ಅತ್ತಿಗೆಗೆ ಅರ್ಧ ಗಂಟೆಯಷ್ಟೇ. 2025ರವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆ ಕೇಳುತ್ತಿದ್ದುದೂ ಅಷ್ಟನ್ನೇ: ಐದು ಗಂಟೆಗಿಂತ ಹೆಚ್ಚು ಒಂದೇ ಸಮ ದುಡಿಸಬಾರದು, ನಡುವೆ ಅರ್ಧ ಗಂಟೆಯಾದರೂ ಬಿಡುವು ಕೊಡಬೇಕು. ‘ಕೈ ತೊಳೆಯೋ ಕ್ಯೂನಲ್ಲೇ ಐದು ನಿಮಿಷ ಹೋಯ್ತದೆ’ ಅಂತಾರೆ ಅವರು. ಅವರ ಮುಂದೆ ನನ್ನದೇನು ದೊಡ್ಡ ಗೋಳಲ್ಲ. ಆದರೂ ಒಂದು ತಿಂಗಳು ಎಲ್ಲವನ್ನೂ ಮಾಡಿ ನೋಡಿದೆ.

ಡಬ್ಬಿಗೆ ಮುದ್ದೆ ಒಗ್ಗುವುದಿಲ್ಲ. ಬೆಳಗ್ಗೆ ಎಂಟಕ್ಕೆ ಬಿಸಿಬಿಸಿ ಹಾಕಿ ಮುಚ್ಚಿದರೆ ಮುಚ್ಚಳ ಬೆವತು ಮೈಯೆಲ್ಲ ಅಂಟಂಟು. ಆರಿಸಿ ಹಾಕಿದರೆ ಮಧ್ಯಾಹ್ನದ ಹೊತ್ತಿಗೆ ಒಣ ಪೊರೆ ಕಟ್ಟಿ, ಬೆರಳಲ್ಲಿ ಒತ್ತಿದರೆ ಬಿರಿಯುತ್ತದೆ. ತುಪ್ಪ ಸವರಿ ತೆಳು ಬಟ್ಟೆಯಲ್ಲಿ ಸುತ್ತಿಯೂ ನೋಡಿದೆ, ತುಸು ವಾಸಿ. ನುಂಗಬೇಕಾದ್ದನ್ನು ಅಗಿಯುವಂತಾದರೆ ಅದೆಂಥ ಮುದ್ದೆ? ಕೊನೆಗೆ ಡಬ್ಬಿ ಅಂದರೆ ಚಿತ್ರಾನ್ನ, ಇಲ್ಲವೇ ಮೊಸರನ್ನ.

ಬಸ್ ಸ್ಟ್ಯಾಂಡ್ ಕಡೆಯ ಒಂದು ಮೆಸ್ಸಿನಲ್ಲಿ 80 ರೂಪಾಯಿಗೆ ಬೆರಳು ಸುಡುವ ಮುದ್ದೆ, ಬಸ್ಸಾರು, ಅನ್ನ, ಮಜ್ಜಿಗೆ. ಕಾಳು-ಸೊಪ್ಪು ಬೇಯಿಸಿ ಬಸಿದ ಕಟ್ಟು ಸಾರಿಗೆ, ಉಳಿದದ್ದು ಒಗ್ಗರಣೆ ಬಿದ್ದು ಪಲ್ಯಕ್ಕೆ. ಅವರೆಕಾಯಿ ಕಾಲದಲ್ಲಿ ಸೊಗಡು ರಸ್ತೆಗೇ ಬರುತ್ತದೆ. ನುಂಗಲು ಹತ್ತು ನಿಮಿಷ ಸಾಕು. ಕುರ್ಚಿಗೇ ಇಪ್ಪತ್ತು ಬೇಕು. ಉಣ್ಣುವವರ ಬೆನ್ನ ಹಿಂದೆ ನಿಂತು ಯಾರು ಮಜ್ಜಿಗೆಗೆ ಬಂದರು ಅಂತ ಲೆಕ್ಕ ಹಾಕಬೇಕು. ನಾನು ಆರಿಸಿಕೊಂಡ ಬೆನ್ನಿನ ಯಜಮಾನರು ಯಾವಾಗಲೂ ಎರಡನೇ ಸಲ ಅನ್ನ ಹಾಕಿಸಿಕೊಳ್ಳುವವರೇ!

ಇಂದಿರಾ ಕ್ಯಾಂಟೀನ್‌ಗೂ ಎರಡು ದಿನ ಹೋದೆ. 10 ರೂಪಾಯಿಗೆ ಊಟ. ದುಡ್ಡಿನ ಲೆಕ್ಕದಲ್ಲಿ ಅದರ ಮುಂದೆ ಯಾವುದೂ ಇಲ್ಲ. ನನಗೆ ನಿಂತು ಉಂಡು ರೂಢಿಯಿಲ್ಲ, ಅಷ್ಟೇ.

ಮನೆ ಸ್ಕೂಟರಿನಲ್ಲಿ ಹತ್ತು ನಿಮಿಷ. ಹೋಗಿ ಬರಲು ಇಪ್ಪತ್ತು ಕಳೆದರೂ ಇಪ್ಪತ್ತೈದು ಉಳಿಯುತ್ತದೆ. ನಾನು ಗೇಟು ತೆಗೆದ ಸದ್ದಿಗೆ ಅಮ್ಮ ಮುದ್ದೆ ಕಟ್ಟುತ್ತಾರೆ. ತೊಂದರೆ ಇರುವುದು ಮಂಚದಲ್ಲಿ. ‘ಐದೇ ನಿಮಿಷ’ ಅಂತ ಒರಗಿದವನು ಒಮ್ಮೆ ಎದ್ದದ್ದು ಮೂರೂಕಾಲಿಗೆ.

ಈಗ ವಾರಕ್ಕೆ ಮೂರು ದಿನ ಮನೆಗೇ ಹೋಗುತ್ತೇನೆ. ನಾನು ಬರುವ ಹೊತ್ತಿಗೆ ಅಮ್ಮ ಒಣಗಿದ ಬಟ್ಟೆಯನ್ನೆಲ್ಲ ತಂದು ಮಂಚದ ಮೇಲೆ ಗುಡ್ಡೆ ಹಾಕಿರುತ್ತಾರೆ.